ಹಳೆಯ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗೆ ಗ್ರಾಫಿಕ್ಸ್ ಕಾರ್ಡ್: ಕೊಳ್ಳುವ ಮುಂಚೆ ಮುಚ್ಚಳ ತೆಗೆದು ನೋಡಿ

ಕಚೇರಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಕಂಪ್ಯೂಟರ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ರಾಶಿ ರಾಶಿ ಇವೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಒಂದರ ಮೇಲೊಂದು ಪೇರಿಸಿಟ್ಟಿರುವುದು ಕಾಣುತ್ತದೆ. ಗಟ್ಟಿ ಯಂತ್ರಗಳು. ಎಸ್‌ಎಸ್‌ಡಿ ಹಾಕಿ ರ‍್ಯಾಮ್ ಜಾಸ್ತಿ ಮಾಡಿದರೆ ದಿನದ ಕೆಲಸಕ್ಕೆ ಇವತ್ತಿಗೂ ಚೆನ್ನಾಗಿ ಓಡುತ್ತವೆ. ಗೇಮ್, ವಿಡಿಯೊ ಎಡಿಟಿಂಗ್ ಅಂತ ಬಂದಾಗ ಮಾತ್ರ ಏದುಸಿರು ಬಿಡುತ್ತವೆ.

ಆಗ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಬಿಡೋಣ ಅನ್ನಿಸುತ್ತದೆ ಅಲ್ವಾ? ಖಂಡಿತ ಹಾಕಬಹುದು. ಆದರೆ ಅಸೆಂಬಲ್ಡ್ ಪಿಸಿಯಲ್ಲಿ ಮೊದಲು ಕಾರ್ಡ್ ಆರಿಸಿ, ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಬ್ರ್ಯಾಂಡೆಡ್ ಪಿಸಿಯಲ್ಲಿ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಡಬ್ಬಿ), ಕ್ಯಾಬಿನೆಟ್, ಮದರ್‌ಬೋರ್ಡ್ ಮೂರನ್ನೂ ಕಂಪನಿ ಒಂದಕ್ಕೊಂದು ಅಳತೆ ಮಾಡಿ ಕೂರಿಸಿರುತ್ತದೆ. ಹಾಗಾಗಿ ಯಾವ ಕಾರ್ಡ್ ಬೇಕು ಅಂತ ಯೂಟ್ಯೂಬ್ ರಿವ್ಯೂ ನೋಡಿ ತೀರ್ಮಾನಿಸಬೇಡಿ. ನಿಮ್ಮ ಪೆಟ್ಟಿಗೆ ಯಾವುದನ್ನು ಒಪ್ಪುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಈ ಲೇಖನದಲ್ಲಿ 2013ರ ಡೆಲ್ ಆಪ್ಟಿಪ್ಲೆಕ್ಸ್ 9020ಯನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಇಂಟೆಲ್ ನಾಲ್ಕನೇ ತಲೆಮಾರಿನ ಪ್ರೊಸೆಸರ್, ಡಿಡಿಆರ್3 ರ‍್ಯಾಮ್ ಇರುವ ಯಂತ್ರ ಅದು. ಬೇರೆ ಕಂಪನಿಯದಾದರೂ ದಾರಿ ಇದೇ.

ಕಾರ್ಡ್ ನಿಜವಾಗಿ ಬೇಕಾ?

ಕಂಪ್ಯೂಟರ್ ನಿಧಾನ ಅನ್ನುವ ಒಂದೇ ಕಾರಣಕ್ಕೆ ಗ್ರಾಫಿಕ್ಸ್ ಕಾರ್ಡ್ ತರಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಯಾವ ಕೆಲಸ ಮಾಡುವಾಗ ಕಾಟ ಆಗುತ್ತದೋ ಆ ಕೆಲಸವನ್ನೇ ಮಾಡುತ್ತಾ ಗಮನಿಸಿ. ಡಿಸ್ಕ್ ನೂರಕ್ಕೆ ನೂರು ತೋರಿಸಿದರೆ ನಿಮಗೆ ಬೇಕಿರುವುದು ಎಸ್‌ಎಸ್‌ಡಿ. ಮೆಮೊರಿ ತುಂಬಿದ್ದರೆ ರ‍್ಯಾಮ್. ಒಂದೇ ರ‍್ಯಾಮ್ ಕಡ್ಡಿ ಇದ್ದರೆ ಅಂಥದ್ದೇ ಇನ್ನೊಂದನ್ನು ಜೋಡಿಯಾಗಿ ಹಾಕಿ, ಅದರಿಂದಲೇ ವ್ಯತ್ಯಾಸ ಗೊತ್ತಾಗುತ್ತದೆ. ಜಿಪಿಯು, ಅಂದರೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್, ತುಂಬಿ ಪ್ರೊಸೆಸರ್‌ಗೆ ಉಸಿರಾಡಲು ಜಾಗ ಇದ್ದರೆ ಮಾತ್ರ ಕಾರ್ಡ್‌ನಿಂದ ಲಾಭ.

ಎರಡು ಸಂದರ್ಭಗಳಲ್ಲಿ ಕಣ್ಣು ಮುಚ್ಚಿ ಹೌದು ಅನ್ನಬಹುದು. ಒಂದು ಗೇಮ್. ಇನ್ನೊಂದು ವಿಡಿಯೊ ಎಡಿಟಿಂಗ್. ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶ ಹೆಚ್ಚಿನ ಕೆಲಸವನ್ನು ಜಿಪಿಯು ಮೇಲೆ ಹಾಕುತ್ತದೆ, ಕಾರ್ಡ್ ಇಲ್ಲದೆ ಹೋದರೆ ತೆವಳುತ್ತದೆ. 4ಕೆ ಯೂಟ್ಯೂಬ್ ತಡೆದು ತಡೆದು ಓಡುವುದಕ್ಕೂ ಕಾರಣ ಇದೆ. ಅಲ್ಲಿ ಬರುವ ವಿಪಿ9 ಮತ್ತು ಎವಿ1 ಬಗೆಯ ವಿಡಿಯೊವನ್ನು ಬಿಚ್ಚಿ ತೋರಿಸುವ ಪೂರ್ತಿ ಸೌಲಭ್ಯ ನಾಲ್ಕನೇ ತಲೆಮಾರಿನ ಇಂಟೆಲ್ ಗ್ರಾಫಿಕ್ಸ್‌ನಲ್ಲಿ ಇಲ್ಲ. ಆ ಭಾರ ಎಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ.

ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿ

ಇಡೀ ಕೆಲಸದಲ್ಲಿ ಮುಖ್ಯವಾದ ಹೆಜ್ಜೆ ಇದು. ಇದರಲ್ಲಿ ಅವಸರ ಮಾಡಿದವರೇ ಜಾಸ್ತಿ ಕೈ ಸುಟ್ಟುಕೊಳ್ಳುತ್ತಾರೆ.

ಪವರ್ ಕೇಬಲ್ ಕಿತ್ತು, ಸಿಪಿಯು ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆಯಿರಿ. ಎಸ್‌ಎಂಪಿಎಸ್ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ಒಟ್ಟು ವ್ಯಾಟ್ ಎಷ್ಟು, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಅಂತ ಇರುತ್ತದೆ. ಮೊಬೈಲ್‌ನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ಬೇಕಾಗುತ್ತದೆ. ಆಪ್ಟಿಪ್ಲೆಕ್ಸ್ 9020 ಮಿನಿ ಟವರ್‌ನಲ್ಲಿ 290 ವ್ಯಾಟ್, ಅದೇ ಮಾದರಿಯ ಚಿಕ್ಕ ಪೆಟ್ಟಿಗೆಯಲ್ಲಿ, ಅಂದರೆ ಎಸ್‌ಎಫ್‌ಎಫ್‌ನಲ್ಲಿ, 255 ವ್ಯಾಟ್. ಅದಕ್ಕಿಂತ ಒಂದು ತಲೆಮಾರು ಹಳೆಯ 7010ರಲ್ಲಿ 275 ಮತ್ತು 240. ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ1 ಟವರ್‌ನಲ್ಲಿ 320.

ಈಗ ಲೆಕ್ಕ ಹಾಕೋಣ. ಮದರ್‌ಬೋರ್ಡ್‌ನಲ್ಲಿ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಒಂದು ಕಾರ್ಡ್‌ಗೆ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದ ಕಾರ್ಡ್‌ಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ 6 ಪಿನ್ ಅಥವಾ 8 ಪಿನ್ ಕೇಬಲ್ ಕೊಡಬೇಕು. ಇಂಥ ಆಫೀಸ್ ಯಂತ್ರಗಳಲ್ಲಿ ಆ ಕೇಬಲ್ ಸಾಮಾನ್ಯವಾಗಿ ಇರುವುದೇ ಇಲ್ಲ. ಐ5-4590 ಪ್ರೊಸೆಸರ್ 84 ವ್ಯಾಟ್‌ನದು. ಅದಕ್ಕೆ ಕಾರ್ಡ್‌ನ 75 ಸೇರಿಸಿ. ಮದರ್‌ಬೋರ್ಡ್, ಹಾರ್ಡ್ ಡಿಸ್ಕ್, ಫ್ಯಾನ್ ಎಲ್ಲಕ್ಕೂ ಒಂದು 40 ಹಿಡಿಯಿರಿ. 200ರ ಆಸುಪಾಸು ಬರುತ್ತದೆ. 290 ಇದ್ದಲ್ಲಿ ಇದು ಆರಾಮ, 255ರಲ್ಲೂ ನಡೆಯುತ್ತದೆ. 180 ವ್ಯಾಟ್ ಎಸ್‌ಎಂಪಿಎಸ್ ಇರುವ ಬ್ರ್ಯಾಂಡೆಡ್ ಪಿಸಿಗಳೂ ಇವೆ. ಅವುಗಳಿಗೆ 30 ವ್ಯಾಟ್‌ನ ಚಿಕ್ಕ ಕಾರ್ಡ್ ಬಿಟ್ಟರೆ ಬೇರೆ ಯೋಚನೆ ಬೇಡ.

ಹಾಗಾಗಿ ನಿಯಮ ಇಷ್ಟೇ: ಬೇರೆ ಪವರ್ ಕೇಬಲ್ ಕೇಳದ, 75 ವ್ಯಾಟ್ ಒಳಗಿನ ಕಾರ್ಡ್ ತನ್ನಿ.

"ಸಾಟಾ ಪವರ್‌ನಿಂದ 6 ಪಿನ್ ಮಾಡುವ ಕನ್ವರ್ಟರ್ ಕೊಡ್ತೀನಿ ಸಾರ್, ಏನೂ ಆಗಲ್ಲ" ಅನ್ನುವ ಮಾತು ಅಂಗಡಿಯಲ್ಲಿ ಕೇಳಿಬರುತ್ತದೆ. ದಯವಿಟ್ಟು ತರಬೇಡಿ. ಸಾಟಾ ಪವರ್ ಅಂದರೆ ಹಾರ್ಡ್ ಡಿಸ್ಕ್‌ಗೆ ಕರೆಂಟ್ ಕೊಡುವ ಕನೆಕ್ಟರ್. ಅದರಲ್ಲಿ 12 ವೋಲ್ಟ್‌ಗೆ ಮೂರು ಪಿನ್ ಇವೆ, ಒಂದೊಂದೂ 1.5 ಆಂಪಿಯರ್ ತಡೆದುಕೊಳ್ಳುತ್ತದೆ. ಒಟ್ಟು 54 ವ್ಯಾಟ್. 6 ಪಿನ್ ಕಾರ್ಡ್ ಅದರಿಂದ 75 ವ್ಯಾಟ್‌ವರೆಗೂ ಎಳೆಯಬಹುದು. ಆಗ ಕನೆಕ್ಟರ್ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ.

ಎಸ್‌ಎಂಪಿಎಸ್ಸನ್ನೇ ಬದಲಾಯಿಸಿದರೆ? ಮಿನಿ ಟವರ್‌ನಲ್ಲಿ ಆಗುತ್ತದೆ, ಆದರೆ ಒಂದು ತೊಡಕಿದೆ. ಸಾಮಾನ್ಯ ಮದರ್‌ಬೋರ್ಡ್‌ಗೆ 24 ಪಿನ್ ಕನೆಕ್ಟರ್ ಇರುತ್ತದೆ. 9020ಯಲ್ಲಿ ಡೆಲ್ ತನ್ನದೇ 8 ಪಿನ್ ಇಟ್ಟಿದೆ, ಎಲೈಟ್‌ಡೆಸ್ಕ್ 800 ಜಿ1ರಲ್ಲಿ ಎಚ್‌ಪಿಯದೇ 6 ಪಿನ್, ಆ ಕಾಲದ ಹಲವು ಥಿಂಕ್‌ಸೆಂಟರ್‌ಗಳಲ್ಲಿ 14 ಪಿನ್. ಇವಕ್ಕೆ ಮಾದರಿಗೆ ತಕ್ಕ ಕನ್ವರ್ಟರ್ ಕೇಬಲ್ ಸಿಗುತ್ತದೆ. ಅದನ್ನು ಹಾಕಿದರೂ ಒಳ್ಳೆಯ ಕಂಪನಿಯ ಎಸ್‌ಎಂಪಿಎಸ್ ತರುವುದಾದರೆ ಮಾತ್ರ ಈ ದಾರಿ ಹಿಡಿಯಿರಿ. ಅಗ್ಗದ ಲೋಕಲ್ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದಕ್ಕಿಂತ ಕಂಪನಿ ಕೊಟ್ಟ 290 ವ್ಯಾಟ್‌ನದೇ ಎಷ್ಟೋ ವಾಸಿ. ಅದನ್ನು ಕಿತ್ತು ಇದನ್ನು ಹಾಕುವುದು ಯಂತ್ರಕ್ಕೆ ಮಾಡುವ ಅನ್ಯಾಯ.

ಜಾಗ ಅಳೆಯಿರಿ

ಮುಚ್ಚಳ ತೆಗೆದಿರುವಾಗಲೇ ಸ್ಕೇಲ್ ತಗೊಳ್ಳಿ. ಮೂರು ಅಳತೆ ಬೇಕು. ಸ್ಲಾಟ್‌ನಿಂದ ಮುಂದೆ ಹಾರ್ಡ್ ಡಿಸ್ಕ್ ಗೂಡಿನವರೆಗೆ ಎಷ್ಟು ಉದ್ದ ಇದೆ ಅನ್ನುವುದು ಮೊದಲನೆಯದು. ಒಂದೇ ಫ್ಯಾನ್ ಇರುವ ಗಿಡ್ಡ ಕಾರ್ಡ್‌ಗಳು 15ರಿಂದ 17 ಸೆಂ.ಮೀ. ಆಸುಪಾಸು ಇರುತ್ತವೆ, ಎರಡು ಫ್ಯಾನ್‌ನವು 20 ದಾಟುತ್ತವೆ. ಎರಡನೆಯದು ಎತ್ತರ. ಟವರ್‌ನಲ್ಲಿ ಸುಮಾರು 11 ಸೆಂ.ಮೀ. ಎತ್ತರದ ಪೂರ್ಣ ಕಾರ್ಡ್ ಹಿಡಿಯುತ್ತದೆ. ಎಸ್‌ಎಫ್‌ಎಫ್ ಪೆಟ್ಟಿಗೆಗೆ ಸುಮಾರು 7 ಸೆಂ.ಮೀ. ಎತ್ತರದ ಲೋ ಪ್ರೊಫೈಲ್ ಕಾರ್ಡೇ ಬೇಕು, ಜೊತೆಗೆ ಗಿಡ್ಡ ಲೋಹದ ಪಟ್ಟಿಯೂ ಬೇಕು. ಸೆಕೆಂಡ್ ಹ್ಯಾಂಡ್ ಕಾರ್ಡ್‌ನಲ್ಲಿ ಆ ಗಿಡ್ಡ ಪಟ್ಟಿ ಕಳೆದುಹೋಗಿರುವುದು ತೀರಾ ಸಾಮಾನ್ಯ. ದುಡ್ಡು ಕೊಡುವ ಮುಂಚೆ ಕೇಳಿ.

ಮೂರನೆಯದು ದಪ್ಪ. ಒಂದು ಸ್ಲಾಟ್ ಅಂದರೆ ಸುಮಾರು 2 ಸೆಂ.ಮೀ. ಹೆಚ್ಚಿನ ಗೇಮಿಂಗ್ ಕಾರ್ಡ್‌ಗಳು ಎರಡು ಸ್ಲಾಟ್ ತಿನ್ನುತ್ತವೆ. ಕೆಲವು ಚಿಕ್ಕ ಪೆಟ್ಟಿಗೆಗಳಲ್ಲಿ ಸ್ಲಾಟ್ ಪಕ್ಕಕ್ಕೇ ಎಸ್‌ಎಂಪಿಎಸ್ ಕೂತಿರುತ್ತದೆ. ಅಲ್ಲಿ ಎರಡು ಸ್ಲಾಟ್ ದಪ್ಪದ ಕಾರ್ಡ್ ನುಗ್ಗುವುದೇ ಇಲ್ಲ, ನುಗ್ಗಿದರೂ ಫ್ಯಾನ್‌ಗೆ ಗಾಳಿ ಸಿಗುವುದಿಲ್ಲ. ಇನ್ನು ಡಬ್ಬಿಯಷ್ಟೇ ಇರುವ ಮೈಕ್ರೊ ಮತ್ತು ಯುಎಸ್‌ಎಫ್‌ಎಫ್ ಮಾದರಿಗಳಲ್ಲಿ ಈ ಸ್ಲಾಟೇ ಇರುವುದಿಲ್ಲ.

ಯಾವ ಕಾರ್ಡ್?

ನನ್ನ ಮೊದಲ ಆಯ್ಕೆ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050, ಅದರಲ್ಲೂ 6 ಜಿಬಿಯದು. 2024ರ ಆರಂಭದಲ್ಲಿ ಬಂದ ಈ ಕಾರ್ಡ್ 70 ವ್ಯಾಟ್‌ನದು, ಬಹುತೇಕ ಮಾದರಿಗಳಿಗೆ ಬೇರೆ ಪವರ್ ಬೇಡ. ಲೋ ಪ್ರೊಫೈಲ್‌ನಲ್ಲೂ ಸಿಗುತ್ತದೆ, ಎವಿ1 ವಿಡಿಯೊ ಸಲೀಸಾಗಿ ಓಡಿಸುತ್ತದೆ. ಆದರೆ ಹೆಸರು ನೋಡಿ ಮೋಸ ಹೋಗಬೇಡಿ. 3050ರಲ್ಲೇ 8 ಜಿಬಿಯ ಹಳೆಯ ಮಾದರಿ ಇದೆ, ಅದು 130 ವ್ಯಾಟ್ ಕೇಳುತ್ತದೆ, ಪವರ್ ಕೇಬಲ್ ಬೇಕೇ ಬೇಕು. 8 ದೊಡ್ಡದು ಅಂತ ಅದನ್ನು ತಂದರೆ ನಿಮ್ಮ ಯಂತ್ರದಲ್ಲಿ ಕೆಲಸಕ್ಕೆ ಬಾರದು.

ಬಜೆಟ್ ಕಡಿಮೆ ಇದ್ದರೆ 2019ರ ಜಿಟಿಎಕ್ಸ್ 1650. 4 ಜಿಬಿ ಮೆಮೊರಿ, 75 ವ್ಯಾಟ್. ಇದರಲ್ಲಿ 6 ಪಿನ್ ಇರುವವೂ ಇವೆ, ಇಲ್ಲದವೂ ಇವೆ. ಕಾರ್ಡ್‌ನ ಮೇಲಂಚು ಕಾಣುವ ಫೋಟೊ ಕಳಿಸಿ ಅಂತ ಕೇಳಿ. ಐ5-4590 ಜೊತೆಗೆ ಇದು ಒಳ್ಳೆಯ ಜೋಡಿ, ಜಿಟಿಎ 5ನಂಥ ಗೇಮ್ 1080ಪಿಯಲ್ಲಿ ಚೆನ್ನಾಗಿ ಆಡಬಹುದು. 2016ರ ಜಿಟಿಎಕ್ಸ್ 1050 ಟಿಐ ಇನ್ನೂ ಕಡಿಮೆಗೆ ಸಿಗುತ್ತದೆ. ಆದರೆ ಆ ತಲೆಮಾರಿಗೆ ಎನ್‌ವಿಡಿಯಾ ಹೊಸ ಗೇಮ್ ಡ್ರೈವರ್ (ಕಾರ್ಡನ್ನು ಓಡಿಸುವ ತಂತ್ರಾಂಶ) ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. 2028ರ ಅಕ್ಟೋಬರ್‌ವರೆಗೆ ಭದ್ರತೆಯ ಅಪ್‌ಡೇಟ್ ಮಾತ್ರ ಬರುತ್ತದೆ. ಇವತ್ತು ದುಡ್ಡು ಹಾಕುವುದಾದರೆ ಸ್ವಲ್ಪ ಜಾಸ್ತಿ ಕೊಟ್ಟು 1650 ತರುವುದೇ ಒಳ್ಳೆಯದು.

ಬರೀ 4ಕೆ ವಿಡಿಯೊ ನೋಡಲು, ಎರಡು ಮಾನಿಟರ್ ಓಡಿಸಲು ಜಿಟಿ 1030 ಸಾಕು, 30 ವ್ಯಾಟ್ ಅಷ್ಟೇ. ಅದರಲ್ಲಿ ಜಿಡಿಡಿಆರ್5 ಮೆಮೊರಿಯದನ್ನೇ ಕೇಳಿ ತಗೊಳ್ಳಿ. ಡಿಡಿಆರ್4 ಅಂತ ಬರುವ ಇನ್ನೊಂದರ ಮೆಮೊರಿ ವೇಗ ಇದರ ಅರ್ಧವೂ ಇಲ್ಲ. ಎಎಂಡಿಯ ಆರ್‌ಎಕ್ಸ್ 6400 ಕೂಡ 53 ವ್ಯಾಟ್‌ನಲ್ಲಿ ಚೆನ್ನಾಗಿ ಆಡುತ್ತದೆ, ಒಂದೇ ಸ್ಲಾಟ್ ದಪ್ಪದಲ್ಲೂ ಸಿಗುತ್ತದೆ. ಆದರೆ ಅದು ಮದರ್‌ಬೋರ್ಡ್ ಜೊತೆ ನಾಲ್ಕೇ ಸಾಲಿನಲ್ಲಿ (ಡೇಟಾ ಹರಿಯುವ ಲೇನ್) ಮಾತಾಡುತ್ತದೆ, ಹಳೆಯ ಬೋರ್ಡ್‌ನಲ್ಲಿ ಅದರ ವೇಗ ಇಳಿಯುತ್ತದೆ. ವಿಡಿಯೊ ಎನ್‌ಕೋಡ್ ಮಾಡುವ ಭಾಗವೂ ಅದರಲ್ಲಿಲ್ಲ, ಎಡಿಟಿಂಗ್ ಮಾಡುವವರಿಗೆ ಬೇಡ. ಇಂಟೆಲ್ ಆರ್ಕ್ ಕಾರ್ಡ್‌ಗಳನ್ನಂತೂ ಇಂಥ ಯಂತ್ರಕ್ಕೆ ತರಲೇಬೇಡಿ. ಅವಕ್ಕೆ ರಿಸೈಜಬಲ್ ಬಾರ್ ಅನ್ನುವ ಸೌಲಭ್ಯ ಬೇಕು, ಹಳೆಯ ಬೋರ್ಡ್‌ಗಳಲ್ಲಿ ಅದಿಲ್ಲ.

ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಾಲ್ಕನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ನಾಳೆ ಹೊಸ ಪಿಸಿಗೆ ಎತ್ತಿ ಹಾಕಿಕೊಳ್ಳುವಂಥ ಕಾರ್ಡ್ ಆದರೆ ದುಡ್ಡು ಉಳಿದಂತೆ. 3050ಯನ್ನು ಮೊದಲು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಕೊಳ್ಳುವಾಗ

ಹೊಸದಾದರೆ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀನಿ" ಅಂದರೆ ಒಪ್ಪಬೇಡಿ, ವಾರಂಟಿಗೆ ಹೋದಾಗ ಆ ಬಿಲ್ಲೇ ಗತಿ. ಬಿಲ್‌ನಲ್ಲಿ ಕಾರ್ಡ್‌ನ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಆದರೆ ಓಡಿಸಿ ತೋರಿಸದೆ ದುಡ್ಡು ಕೊಡಬೇಡಿ. ಜಿಪಿಯು-ಝಡ್ ಅನ್ನುವ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ. ಹಳೆಯ ಚಿಪ್‌ಗೆ 1050 ಟಿಐ ಅಂತ ಹೆಸರು ಬರೆದು ಮಾರುವ ನಕಲಿ ಕಾರ್ಡ್‌ಗಳು ಇವೆ. ಅಂಥ ಹಲವು ಎನ್‌ವಿಡಿಯಾ ನಕಲಿಗಳನ್ನು ಈ ತಂತ್ರಾಂಶ ಗುರುತಿಸಿ, ಹೆಸರಿನ ಮುಂದೆಯೇ ಫೇಕ್ ಅಂತ ತೋರಿಸುತ್ತದೆ. 1050 ಟಿಐ ಅನ್ನುವ ಕಾರ್ಡ್‌ನ ಹಿಂದೆ ನೀಲಿ ವಿಜಿಎ ಪೋರ್ಟ್ ಕಂಡರೆ ಅಲ್ಲೇ ಅನುಮಾನ ಪಡಿ, ಆ ತಲೆಮಾರಿನ ಚಿಪ್‌ಗಳಲ್ಲಿ ವಿಜಿಎ ಸಿಗ್ನಲ್ಲೇ ಇಲ್ಲ.

ವಿಜಿಎ ಮಾತು ಬಂದದ್ದಕ್ಕೆ ನಿಮ್ಮ ಮಾನಿಟರನ್ನೂ ನೋಡಿಕೊಳ್ಳಿ. ವಿಜಿಎ ಮಾತ್ರ ಇರುವ ಹಳೆಯ ಮಾನಿಟರ್ ಆದರೆ ಎಚ್‌ಡಿಎಂಐನಿಂದ ವಿಜಿಎ ಮಾಡುವ, ಒಳಗೆ ಚಿಪ್ ಇರುವ ಆಕ್ಟಿವ್ ಕನ್ವರ್ಟರ್ ಬೇಕು. ಕಾರ್ಡ್ ತರುವ ದಿನವೇ ತನ್ನಿ, ಇಲ್ಲದಿದ್ದರೆ ಎಲ್ಲ ಜೋಡಿಸಿದ ಮೇಲೆ ಕಪ್ಪು ಪರದೆ ನೋಡುತ್ತಾ ಕೂರಬೇಕಾಗುತ್ತದೆ.

ಹಾಕುವ ಮುಂಚೆ: ಬಯಾಸ್ ಮತ್ತು ಡ್ರೈವರ್

ಬಯಾಸ್ ಅಂದರೆ ಆನ್ ಮಾಡಿದ ಕೂಡಲೇ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ. ಹೊಸ ಕಾರ್ಡ್‌ಗಳು ಅದರ ಹೊಸ ಬಗೆಯಾದ ಯುಇಎಫ್‌ಐ ಜೊತೆ ಚೆನ್ನಾಗಿ ಹೊಂದುತ್ತವೆ. ಸ್ಟಾರ್ಟ್ ಮೆನುವಿನಲ್ಲಿ ಎಂಎಸ್‌ಇನ್ಫೊ32 ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ತೆರೆದರೆ ಬಯಾಸ್ ಮೋಡ್ ಯಾವುದು ಅಂತ ತೋರಿಸುತ್ತದೆ. ಲೆಗಸಿ (ಹಳೆಯ ಬಗೆ) ಅಂತ ಇದ್ದರೆ ಬಯಾಸ್‌ನಲ್ಲಿ ಸುಮ್ನೆ ಯುಇಎಫ್‌ಐ ಮಾಡಿಬಿಡಬೇಡಿ, ವಿಂಡೋಸ್ ಬೂಟ್ ಆಗುವುದಿಲ್ಲ. ಮೊದಲು ಫೈಲ್‌ಗಳ ಬ್ಯಾಕಪ್ ತಗೊಂಡು, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಸಾಧನದಿಂದ ಅದೇ ಡಿಸ್ಕಿನ ವಿಭಾಗಗಳ ಮಾದರಿಯನ್ನು ಯುಇಎಫ್‌ಐಗೆ ಒಗ್ಗುವಂತೆ ಬದಲಾಯಿಸಿಕೊಳ್ಳಬೇಕು.

ಡೆಲ್ ತಾಣದಲ್ಲಿ ಪೆಟ್ಟಿಗೆ ಮೇಲಿನ ಸರ್ವಿಸ್ ಟ್ಯಾಗ್ ಹಾಕಿದರೆ ನಿಮ್ಮ ಮಾದರಿಯ ಕೊನೆಯ ಬಯಾಸ್ ಸಿಗುತ್ತದೆ. ಕಾರ್ಡ್ ಹಾಕುವ ಮುಂಚೆಯೇ ಅಪ್‌ಡೇಟ್ ಮಾಡಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ಮೊದಲು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋದರೆ ಮದರ್‌ಬೋರ್ಡ್ ಸತ್ತೇ ಹೋಗಬಹುದು. ಯುಪಿಎಸ್ ಬ್ಯಾಟರಿ ಸರಿಯಾಗಿದೆ ಅಂತ ಖಾತ್ರಿ ಮಾಡಿಕೊಂಡೇ ಕೂರಿ. ಮಳೆ ಗುಡುಗು ಇರುವ ಸಂಜೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಕಾರ್ಡ್‌ನ ಡ್ರೈವರನ್ನೂ ಈಗಲೇ ಡೌನ್‌ಲೋಡ್ ಮಾಡಿಡಿ. ಮೊದಲೇ ಬೇರೆ ಕಂಪನಿಯ ಹಳೆಯ ಕಾರ್ಡ್ ಇದ್ದರೆ ಡಿಡಿಯು ತಂತ್ರಾಂಶವನ್ನು ಸೇಫ್ ಮೋಡ್‌ನಲ್ಲಿ ಓಡಿಸಿ ಹಳೆಯ ಡ್ರೈವರ್ ತೆಗೆದುಹಾಕಿ. ಇಷ್ಟು ದಿನ ಇಂಟೆಲ್ ಗ್ರಾಫಿಕ್ಸ್ ಮಾತ್ರ ಬಳಸಿದ್ದರೆ ಇದು ಬೇಡ.

ಕೂರಿಸುವ ಕೆಲಸ

ಶಟ್‌ಡೌನ್ ಮಾಡಿ, ಎಲ್ಲ ಕೇಬಲ್ ಕಿತ್ತು, ಪವರ್ ಬಟನ್ ಒಂದೈದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿದುಹೋಗುತ್ತದೆ. ಸಿಪಿಯುವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ. ಆಫೀಸಿನಿಂದ ಬಂದ ಯಂತ್ರದಲ್ಲಿ ಧೂಳು ಗ್ಯಾರಂಟಿ, ಹೊರಗೆ ತಂದು ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಗಿರ್‍ರನೆ ತಿರುಗಲು ಬಿಡಬೇಡಿ.

ಕಾರ್ಡ್ ಮುಟ್ಟುವ ಮುಂಚೆ ಪೇಂಟ್ ಇಲ್ಲದ ಲೋಹದ ಜಾಗವನ್ನು ಒಮ್ಮೆ ಮುಟ್ಟಿ. ಚಳಿಗಾಲ ಕಳೆದು ಗಾಳಿ ಒಣಗಿರುವ ಫೆಬ್ರವರಿ, ಮಾರ್ಚ್‌ನಲ್ಲಿ ಮೈಯಲ್ಲಿ ಸ್ಟ್ಯಾಟಿಕ್ ವಿದ್ಯುತ್ ಜಾಸ್ತಿ ಕೂಡುತ್ತದೆ. ಪ್ಲಾಸ್ಟಿಕ್ ಚಾಪೆ, ನೈಲಾನ್ ಬಟ್ಟೆ ದೂರ ಇರಲಿ.

9020 ಟವರ್‌ನಲ್ಲಿ ನೋಡಲು ಒಂದೇ ಥರ ಇರುವ ಎರಡು ಉದ್ದನೆಯ ಸ್ಲಾಟ್ ಇವೆ. ಒಂದು ನಿಜವಾದ 16 ಸಾಲಿನದು, ಇನ್ನೊಂದರಲ್ಲಿ ನಾಲ್ಕೇ ಸಾಲಿಗೆ ತಂತಿ ಇದೆ. ಪ್ರೊಸೆಸರ್‌ಗೆ ಹತ್ತಿರ ಇರುವುದನ್ನೇ ಬಳಸಿ. ಹಿಂಬದಿಯ ಕೊಕ್ಕೆ ಬಿಡಿಸಿ, ಸ್ಲಾಟ್ ಎದುರಿನ ಲೋಹದ ಪಟ್ಟಿ ತೆಗೆಯಿರಿ. ಕಾರ್ಡನ್ನು ಅಂಚಿನಲ್ಲಿ ಹಿಡಿದು ನೇರವಾಗಿ ಸ್ಲಾಟ್ ಮೇಲಿಟ್ಟು, ಎರಡೂ ತುದಿಯಲ್ಲಿ ಸಮನಾಗಿ ಒತ್ತಿ. ಸ್ಲಾಟ್ ತುದಿಯ ಲಾಕ್ ಟಕ್ ಅನ್ನಬೇಕು. ಚಿನ್ನದ ಬಣ್ಣದ ಪಟ್ಟಿ ಉದ್ದಕ್ಕೂ ಒಳಗೆ ಮುಳುಗಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಒಂದು ಕಡೆ ಮಾತ್ರ ಮೇಲೆದ್ದು ಕಂಡರೆ ತೆಗೆದು ಮತ್ತೆ ಕೂರಿಸಿ. ಕೊಕ್ಕೆ ಮುಚ್ಚಿ, ಸಾಟಾ ಕೇಬಲ್ ಯಾವುದೂ ಫ್ಯಾನ್‌ಗೆ ತಾಗದಂತೆ ಸರಿಸಿ.

ಈಗ ಮಾನಿಟರ್ ಕೇಬಲ್ ಕಾರ್ಡ್‌ಗೆ ಹಾಕಿ. ಅಭ್ಯಾಸಬಲದಿಂದ ಮದರ್‌ಬೋರ್ಡ್‌ನ ಹಳೆಯ ಜಾಗಕ್ಕೇ ಹಾಕಿ ಡಿಸ್‌ಪ್ಲೇ ಬರ್ತಿಲ್ಲ ಅಂತ ಗಾಬರಿಯಾಗುವವರು ತುಂಬಾ ಜನ.

ಆನ್ ಮಾಡಿದ ಮೇಲೆ

ಮೊದಲು ಕಡಿಮೆ ರೆಸಲ್ಯೂಷನ್‌ನಲ್ಲಿ ಅಕ್ಷರ ದಪ್ಪದಪ್ಪ ಕಾಣುತ್ತದೆ. ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ. ನಂತರ ಜಿಪಿಯು-ಝಡ್ ತೆರೆದು ಬಸ್ ಇಂಟರ್‌ಫೇಸ್ ಅನ್ನುವ ಸಾಲು ನೋಡಿ. ಕಾರ್ಡ್ ಸುಮ್ಮನಿರುವಾಗ ಪಿಸಿಐ ಎಕ್ಸ್‌ಪ್ರೆಸ್ ಆವೃತ್ತಿ 1.1 ಅಂತ ಕಡಿಮೆ ತೋರಿಸುವುದು ತಪ್ಪಲ್ಲ, ಕರೆಂಟ್ ಉಳಿಸಲು ಹಾಗೆ ಮಾಡುತ್ತದೆ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಪರೀಕ್ಷೆ ಓಡಿಸಿದಾಗ 9020ಯಲ್ಲಿ 3.0ಕ್ಕೆ ಏರಬೇಕು. 1650ಗೆ 16 ಸಾಲು, 3050ಗೆ 8 ಸಾಲು ಸರಿಯಾದ ಲೆಕ್ಕ. ಈ ಎರಡರಲ್ಲಿ 4 ಅಂತ ಬಂದರೆ ತಪ್ಪು ಸ್ಲಾಟ್‌ನಲ್ಲಿ ಕೂರಿಸಿದ್ದೀರಿ.

ಆಮೇಲೆ ಮುಚ್ಚಳ ಹಾಕಿಯೇ ಅರ್ಧ ಗಂಟೆ ಒಂದು ಭಾರದ ಗೇಮ್ ಆಡಿ, ಸೆನ್ಸರ್ ಪುಟದಲ್ಲಿ ಬಿಸಿ ಎಷ್ಟಿದೆ ನೋಡಿ. 80 ಡಿಗ್ರಿ ಒಳಗೆ ಇದ್ದರೆ ನಿಶ್ಚಿಂತೆ. ಮೇಲೆ ಮೇಲೆ ಹೋಗುತ್ತಿದ್ದರೆ ಸಿಪಿಯು ಹಿಂಬದಿ ಗೋಡೆಗೆ ಅಂಟಿಕೊಂಡಿದೆಯಾ, ಮುಂದಿನ ಜಾಲರಿಯಲ್ಲಿ ಧೂಳು ಕಟ್ಟಿದೆಯಾ ನೋಡಿ.

ಡಿಸ್‌ಪ್ಲೇ ಬರಲೇ ಇಲ್ಲ ಅಂದರೆ ಪವರ್ ಬಟನ್ ದೀಪ ನೋಡಿ. ಡೆಲ್‌ನಲ್ಲಿ ಕಿತ್ತಳೆ ಬಣ್ಣ ಮಿನುಗಿದರೆ ಏನೋ ಸರಿಯಿಲ್ಲ ಅಂತ ಅರ್ಥ. ಕಾರ್ಡ್ ತೆಗೆದು, ಅದರ ಚಿನ್ನದ ಪಟ್ಟಿಯನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಸೆಕೆಂಡ್ ಹ್ಯಾಂಡ್ ಕಾರ್ಡ್‌ಗಳಲ್ಲಿ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಗಲೂ ಬರದಿದ್ದರೆ ಕಾರ್ಡ್ ತೆಗೆದು, ಮದರ್‌ಬೋರ್ಡ್‌ನ ಪೋರ್ಟ್‌ನಿಂದ ಆನ್ ಮಾಡಿ ಎಫ್2 ಒತ್ತಿ ಬಯಾಸ್‌ಗೆ ಹೋಗಿ. ವಿಡಿಯೊ ಆಯ್ಕೆ ಆಟೊದಲ್ಲಿ ಇರಲಿ. ಎಚ್‌ಪಿಯಲ್ಲಿ ಎಫ್10, ಥಿಂಕ್‌ಸೆಂಟರ್‌ನಲ್ಲಿ ಎಫ್1. ಗೇಮ್ ಮಧ್ಯೆ ಕಂಪ್ಯೂಟರ್ ದಿಢೀರನೆ ಆಫ್ ಆಗುತ್ತಿದ್ದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ.

ಮನೆಯ ಯುಪಿಎಸ್ ಮೇಲೂ ಒಂದು ಕಣ್ಣಿಡಿ. 600 ವಿಎ ಅಂತ ಸಿಗುವ ಸಾಮಾನ್ಯ ಯುಪಿಎಸ್ ಸುಮಾರು 360 ವ್ಯಾಟ್ ಹೊರುತ್ತದೆ. ಸಿಪಿಯು, ಮಾನಿಟರ್ ಎರಡನ್ನೂ ಅದು ತಡೆಯುತ್ತದೆ, ಆದರೆ ಗೇಮ್ ಓಡುವಾಗ ಕರೆಂಟ್ ಹೋದರೆ ಬ್ಯಾಟರಿ ಮೊದಲಿನಷ್ಟು ಹೊತ್ತು ಬರುವುದಿಲ್ಲ. ಪ್ರಿಂಟರ್, ಸ್ಪೀಕರ್ ಅದಕ್ಕೇ ಸಿಕ್ಕಿಸಿದ್ದರೆ ಬೇರೆ ಪ್ಲಗ್‌ಗೆ ಹಾಕಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅಂದರೆ ಗೋಡೆಯ ಪ್ಲಗ್‌ನಲ್ಲಿ ಅರ್ಥಿಂಗ್ ಸರಿಯಿಲ್ಲದಿರಬಹುದು. ಎಲೆಕ್ಟ್ರಿಷಿಯನ್ ಕರೆದು ಅದನ್ನು ಸರಿ ಮಾಡಿಸಿ, ಆಮೇಲೆ ಕಾರ್ಡ್ ಬಳಸಿ.